ಸಾವನದುರ್ಗದ ಶಿಲಾಸಮಾಧಿಗಳು

ಮಾಗಡಿ ತಾಲ್ಲೂಕಿನ ಸಾವನದುರ್ಗವು ಕೆಂಪೇಗೌಡರ ವಂಶದ ಕೋಟೆಯೆಂದು, 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ವಶವಾದ ದುರ್ಗವೆಂದು ಪ್ರಸಿದ್ಧ. ಕೋಟೆಗಿಂತ ಬಹಳ ಹಳೆಯದಾದ ಸ್ಮಶಾನವೊಂದು ಅಲ್ಲಿದೆ ಎಂಬುದು ಅನೇಕರಿಗೆ ತಿಳಿಯದು. ಸರ್ವೇಕ್ಷಣಾ ಇಲಾಖೆಯ ಅಧಿಕಾರಿ ಬ್ರಾನ್‌ಫಿಲ್ ಈ ಶಿಲಾಸಮಾಧಿಗಳನ್ನು ಕುರಿತು 1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದನು.

ಇವು ಬೃಹತ್ ಶಿಲಾಯುಗದ ಗೋರಿಗಳು. ದಕ್ಷಿಣ ಕರ್ನಾಟಕದಲ್ಲಿ ಇವುಗಳ ಸಾಮಾನ್ಯ ರಚನೆ ಹೀಗಿದೆ: ನಾಲ್ಕು ಕಲ್ಲುಚಪ್ಪಡಿಗಳನ್ನು ನೆಲದೊಳಗೆ ಪೆಟ್ಟಿಗೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಸುತ್ತ ಗುಂಡುಗಳ ವೃತ್ತ ಕಟ್ಟುವುದು. ಎಷ್ಟೋ ಕಡೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಒಳಗೆ ಮೂಳೆಗಳ ಜೊತೆಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು ದೊರೆಯುತ್ತವೆ. ಜನರು ಇಂಥವನ್ನು ಪಾಂಡವರ ಗುಡಿ, ಪಾಂಡವರ ಮನೆ ಎಂದು ಕರೆದರು. ಇಷ್ಟು ಭಾರದ ಕಲ್ಲನ್ನು ಎತ್ತಲು ಭೀಮನಲ್ಲದೆ ಮತ್ತಾರಿಗೆ ಸಾಧ್ಯ!

ಕಲ್ಲಿಗೇನೂ ಬರವಿರಲಿಲ್ಲ. ಮಾಗಡಿ, ರಾಮನಗರ, ಕನಕಪುರಗಳ ಬೆಟ್ಟಸಾಲು ಸುಮಾರು 250 ಕೋಟಿ ವರ್ಷಗಳ ಹಿಂದಿನ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಈ ಬಂಡೆ ಪದರಪದರವಾಗಿ ಬಿಡುತ್ತದೆ. ಬೆಂಕಿಯ ಕಾವು ಕೊಟ್ಟು ಚಪ್ಪಡಿ ಎಬ್ಬಿಸುತ್ತಿದ್ದಿರಬೇಕೆಂದು ವಿದ್ವಾಂಸರ ಊಹೆ.

ಕಾಲನಿರ್ಣಯ ಸುಲಭವಾಗಲಿಲ್ಲ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಈ ಸಂಸ್ಕೃತಿಯನ್ನು ಕ್ರಿ.ಪೂ. 2ನೆಯ ಶತಮಾನಕ್ಕೆ ಇಟ್ಟನು. ಆದರೆ 1965ರಲ್ಲಿ ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನವು ಕಬ್ಬಿಣದ ಆರಂಭವನ್ನು ಕ್ರಿ.ಪೂ. 1000ರ ಸುಮಾರಿಗೆ ಒಯ್ದಿತು.

ಸತ್ತವರ ಮನೆಗಳು ಸಿಕ್ಕಷ್ಟು ಬದುಕಿದ್ದವರ ಮನೆಗಳು ಸಿಕ್ಕಿಲ್ಲ. ಕಾವೇರಿ ತೀರದ ತಿ. ನರಸೀಪುರದಲ್ಲಿ ನವಶಿಲಾಯುಗದ ನೆಲೆ ಬೆಳಕಿಗೆ ಬಂದಿದೆ. ಸಾವನದುರ್ಗದ ಬಳಿ ಹರಿದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅದೇ ಕಾವೇರಿಯನ್ನು ಸೇರುವ ಅರ್ಕಾವತಿಯ ಇಕ್ಕೆಲಗಳಲ್ಲೂ ಹುಡುಕಾಟಕ್ಕೆ ಅರ್ಥವಿದೆ. ಮಣ್ಣು, ಮರ, ಹುಲ್ಲಿನ ಗುಡಿಸಲುಗಳು ಕರಗಿಹೋಗುತ್ತವೆ. ಉಳಿದ ಬೂದಿ, ಮಡಕೆಚೂರುಗಳ ಮೇಲೆ ಇಂದಿನ ಹೊಲಗಳಿರುವ ಸಾಧ್ಯತೆಯೇ ಹೆಚ್ಚು.

ಗೋರಿಗಳಿಗೂ ಉಳಿಗಾಲವಿಲ್ಲ. ಉಳುಮೆಗೆ ಅಡ್ಡವಾದ ಗುಂಡುಗಳು ಬದುವಿಗೆ ಸೇರುತ್ತವೆ, ಚಪ್ಪಡಿಗಳು ಕಾಲುವೆಯ ಮೇಲಣ ಹಾಸುಗಲ್ಲಾಗುತ್ತವೆ, ನಿಧಿಯ ಆಸೆಗೆ ಅಗೆದವರು ಮಡಕೆಗಳನ್ನು ಒಡೆದು ಹೋಗುತ್ತಾರೆ. ಯಾವ ಮಡಕೆ ಯಾವ ಮೂಳೆಯ ಪಕ್ಕದಲ್ಲಿತ್ತು ಎಂಬುದು ಒಮ್ಮೆ ಕದಡಿತೆಂದರೆ ಯಾವ ಪ್ರಯೋಗಶಾಲೆಯೂ ಅದನ್ನು ಮರಳಿ ಹೇಳಲಾರದು.