ಕಾಫಿ ಲಾರಿ, ಟೀ ಅಂಗಡಿ, ಎರಡು ಲೋಟ: ನಮ್ಮ ಜಿಲ್ಲೆ ಕುಡಿಯೋಕೆ ಕಲಿತ ಕಥೆ

ಭಾಗ 1/7: ಕಾಫಿಗಿಂತ ಮುಂಚೆ

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಮನೆಗೆ ಯಾರಾದ್ರೂ ಬಂದ್ರೆ ಮೊದಲ ಮಾತು ಏನು? "ಕೂತ್ಕೊಳಿ, ಒಂದ್ ನಿಮಿಷ, ಕಾಫಿ ಇಡ್ತೀನಿ." ಡಬ್ಬಿಯಲ್ಲಿ ಇರೋದು ಟೀ ಪುಡಿ ಆದ್ರೂ ಬಾಯಲ್ಲಿ ಬರೋದು ಕಾಫೀನೇ. ಬೆಳಗ್ಗೆ ಎದುರು ಸಿಕ್ಕವರು "ಕಾಫಿ ಆಯ್ತಾ?" ಅಂತಾರೆ. ಹೆಣ್ಣು ನೋಡೋ ಶಾಸ್ತ್ರದಿಂದ ತಿಥಿ ಮನೆವರೆಗೆ ಕಾಫಿ ಇಲ್ಲದೆ ಏನೂ ನಡೆಯಲ್ಲ. ಹಾಗಾಗಿ ಇದು ಸಾವಿರ ವರ್ಷದ ಪದ್ಧತಿ ಅನ್ನಿಸುತ್ತೆ.

ಫ್ರೆಂಡ್ಸ್, ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಎಲ್ಲರ ಮನೇಲೂ ದಿನಾ ಕಾಫಿ ಅಥವಾ ಟೀ ಆಗೋಕೆ ಶುರುವಾಗಿ ಮೂರು-ನಾಲ್ಕು ತಲೆಮಾರು ಆಗಿರಬಹುದು, ಅಷ್ಟೇ. ಅದಕ್ಕಿಂತ ಮುಂಚೆ ಹೊಲಕ್ಕೆ ಹೋಗೋರಿಗೆ ಬೆಳಗ್ಗೆ ರಾಗಿ ಅಂಬಲಿ, ಇಲ್ಲಾಂದ್ರೆ ರಾತ್ರಿ ಉಳಿದ ತಂಗಳು ಮುದ್ದೆ, ಮಜ್ಜಿಗೆ. ಬಿಸಿಲಲ್ಲಿ ಬಂದ ನೆಂಟರಿಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ನೆಗಡಿ ಆದ್ರೆ ಮೆಣಸು-ಜೀರಿಗೆ ಕಷಾಯ.

ಈ ಸೀರೀಸ್‌ನಲ್ಲಿ ಎರಡು ಪ್ರಶ್ನೆ. ಅಂಬಲಿ ಕುಡೀತಿದ್ದ ಊರಿಗೆ ಕಾಫಿ, ಟೀ ಹೇಗೆ ಬಂತು? ಬಂದ ಮೇಲೆ ಯಾರಿಗೆ ಯಾವ ಲೋಟದಲ್ಲಿ ಸಿಕ್ತು? ಮೊದಲನೇದು ಗೂಗಲ್‌ನಲ್ಲಿ ಸ್ವಲ್ಪ ಸಿಗುತ್ತೆ. ಎರಡನೇದು ನಮ್ಮ ಮನೆ ಹಿರಿಯರ ನೆನಪಲ್ಲಿದೆ, ಅವರು ಅದನ್ನ ಅಷ್ಟು ಸುಲಭಕ್ಕೆ ಹೇಳಲ್ಲ.

ಭಾಗ 2/7: ಬೆಟ್ಟ ನಮ್ಮದು, ಕಾಫಿ ಬೇರೆಯವರದು

ಬಾಬಾ ಬುಡನ್ ಕಥೆ ಎಲ್ಲರಿಗೂ ಗೊತ್ತು. 17ನೇ ಶತಮಾನದಲ್ಲಿ ಹಜ್‌ಗೆ ಹೋದ ಆ ಸೂಫಿ ಸಂತ ಯೆಮೆನ್‌ನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದು, ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅನ್ನೋದು ಪ್ರತೀತಿ. ಇವತ್ತು ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯೋದು ಕರ್ನಾಟಕದಲ್ಲೇ.

ಆದರೆ ಬೆಳೆಯೋದು ಬೇರೆ, ಕುಡಿಯೋದು ಬೇರೆ. 19ನೇ ಶತಮಾನದಲ್ಲಿ ಬ್ರಿಟಿಷರು ಮಲೆನಾಡು, ಕೊಡಗಿನಲ್ಲಿ ದೊಡ್ಡ ಎಸ್ಟೇಟ್ ಮಾಡಿದ್ದು ಯೂರೋಪಿಗೆ ಮಾರೋಕೆ. ಬಯಲು ಸೀಮೆ ರೈತನ ಬಾಯಿಗೆ ಅದು ಬೀಳಲೇ ಇಲ್ಲ. ಮೊದಲು ರುಚಿ ಹತ್ತಿದ್ದು ಪಟ್ಟಣದ ಓದಿದ ಮನೆಗಳಿಗೆ, ಆಮೇಲೆ ಹೋಟೆಲ್‌ಗಳಿಗೆ.

1930ರ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲ ಕಚ್ಚಿತು. ಹೊರಗೆ ಮಾರೋಕೆ ಆಗ್ತಿಲ್ಲ, ಒಳಗೆ ಕುಡಿಯೋರು ಕಮ್ಮಿ. ಆಗ 1935ರಲ್ಲಿ ಕಾಫಿ ಸೆಸ್ ಕಾಯ್ದೆ ಬಂತು, ಆ ದುಡ್ಡಲ್ಲಿ ದೇಶದೊಳಗೆ ಪ್ರಚಾರ ಶುರುವಾಯ್ತು. 1936ರಲ್ಲಿ ಮುಂಬೈನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್. ಎರಡನೇ ಮಹಾಯುದ್ಧ ಬಂದು ಯೂರೋಪಿನ ಬಾಗಿಲು ಮುಚ್ಚಿದಾಗ 1942ರಲ್ಲಿ ಇನ್ನೊಂದು ಕಾಯ್ದೆ ಬಂತು. ಆ ಕಾಯ್ದೆಯಿಂದ ಬಂದ ಕಾಫಿ ಬೋರ್ಡ್ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟು ಮಾಡಿ ತಾನೇ ಮಾರೋಕೆ ನಿಂತಿತು. ಈ ವ್ಯವಸ್ಥೆ ಪೂರ್ತಿ ಹೋಗೋಕೆ 1990ರ ದಶಕ ಬರಬೇಕಾಯ್ತು. ಬೋರ್ಡ್ ಕಚೇರಿ ಇವತ್ತೂ ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿದೆ.

ಅಂದ್ರೆ "ನಾವು ಕಾಫಿ ಜನ" ಅಂತ ನಾವು ಹೆಮ್ಮೆಯಿಂದ ಹೇಳ್ಕೊಳ್ಳೋದರ ಹಿಂದೆ ಮಾರಾಟ ಆಗದೆ ಉಳಿದ ಮೂಟೆಗಳ ಕಥೆಯೂ ಇದೆ.

ಭಾಗ 3/7: ಹಳ್ಳಿ ಒಲೆ ಮೇಲೆ ಕಾಫಿ

ಪೇಟೆಯ ಹೋಟೆಲಿಂದ ಹಳ್ಳಿ ಒಲೆಗೆ ಕಾಫಿ ನಡೆದು ಬಂತು ಅಂದ್ರೆ ತಪ್ಪಿಲ್ಲ. ಸಂತೆಗೆ, ಕೋರ್ಟಿಗೆ, ರೇಷ್ಮೆಗೂಡು ಮಾರೋಕೆ ಪೇಟೆಗೆ ಹೋದವರು ಅಲ್ಲಿ ಕುಡಿದು ರುಚಿ ಹತ್ತಿಸಿಕೊಂಡು, ಬರುವಾಗ ಕಾಗದದ ಪೊಟ್ಟಣದಲ್ಲಿ ಪುಡಿ ತಂದರು.

ಈಗ ರೀಲ್ಸ್‌ನಲ್ಲಿ ತೋರಿಸೋ ಹಿತ್ತಾಳೆ ಫಿಲ್ಟರ್, ದಬರ-ಲೋಟ ಎಲ್ಲ ಮನೇಲೂ ಇರಲಿಲ್ಲ. ನಮ್ಮ ಕಡೆ ಹೆಚ್ಚು ಮನೆಗಳ ವಿಧಾನ ಹೀಗೆ: ನೀರು ಕುದಿಸು, ಬೆಲ್ಲ ಹಾಕು, ಪುಡಿ ಹಾಕಿ ಉಕ್ಕಿಸು, ಬಟ್ಟೆಯಲ್ಲಿ ಸೋಸು, ಹಾಲಿದ್ರೆ ಬೆರೆಸು. ಆ ಸೋಸೋ ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಗೋಡೆ ಮೊಳೆಯಲ್ಲಿ ನೇತಾಡ್ತಿತ್ತು. ಪುಡಿಯಲ್ಲಿ ಚಿಕೋರಿ ಇದ್ರೆ ಇನ್ನೂ ಒಳ್ಳೇದು. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿ ಬೆರೆಸ್ತಾರೆ. ಡಿಕಾಕ್ಷನ್ ದಪ್ಪ, ಕಪ್ಪು ಆಗುತ್ತೆ, ಕಮ್ಮಿ ಕಾಫಿಬೀಜದಲ್ಲಿ ಹೆಚ್ಚು ಲೋಟ ತುಂಬುತ್ತೆ. ಬಡತನ ಮತ್ತು ರುಚಿ ಎರಡೂ ಸೇರಿ ಮಾಡಿದ ಮಿಕ್ಸ್ ಅದು.

"ಹಾಲಿದ್ರೆ" ಅಂದೆ ಅಲ್ವಾ, ಅಲ್ಲೇ ಇದೆ ವಿಷಯ. ಕರಾವು ಇದ್ದ ಮನೇಲಿ ಹಾಲಿನ ಕಾಫಿ, ಇಲ್ಲದ ಮನೇಲಿ ಬೆಲ್ಲದ ಬರೀ ಕಾಫಿ. ಲೋಟದ ಬಣ್ಣ ನೋಡಿದ್ರೆ ಮನೆಯ ಸ್ಥಿತಿ ಗೊತ್ತಾಗ್ತಿತ್ತು.

1974ರಲ್ಲಿ ವಿಶ್ವ ಬ್ಯಾಂಕ್ ನೆರವಿನ ಡೇರಿ ಯೋಜನೆ ಕರ್ನಾಟಕಕ್ಕೆ ಬಂತು. ಮುಂದೆ ಅದೇ 1984ರಲ್ಲಿ ಕೆಎಂಎಫ್ ಆಯ್ತು, ನಮಗೆ ಗೊತ್ತಿರೋ ನಂದಿನಿ. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಹಾಲಿನ ಸಂಘಗಳು ಶುರುವಾದವು, ಸೀಮೆಹಸು ಬಂದವು, ಬೆಳಗ್ಗೆ-ಸಂಜೆ ಡೇರಿ ಮುಂದೆ ಕ್ಯಾನ್ ಹಿಡಿದು ಕ್ಯೂ. ಹಾಲು ಕಾಸಾಯ್ತು. ಆಗ ಕಾಫಿಯ ಲೆಕ್ಕವೂ ಬದಲಾಯ್ತು: ಡೇರಿಗೆ ಹಾಕೋಕೆ ಮುಂಚೆ ಮನೆಗೆ ಎಷ್ಟು ಹಾಲು ಇಟ್ಕೋಬೇಕು? ಇದನ್ನ ದಿನಾ ತೀರ್ಮಾನ ಮಾಡ್ತಿದ್ದವರು ಹೆಂಗಸರು. ಎಲ್ಲರಿಗೂ ಕೊಟ್ಟು, ಲೋಟದ ತಳದಲ್ಲಿ ಉಳಿದದ್ದು ಕುಡೀತಿದ್ದವರೂ ಸಾಮಾನ್ಯವಾಗಿ ಅವರೇ.

ಭಾಗ 4/7: ಕಾಫಿ ಲಾರಿಯ ಡ್ರೈವರ್ ಟೀ ಕುಡೀತಾನೆ

ನೆಲಮಂಗಲಕ್ಕೆ ಹೋಗಿ ಹೆದ್ದಾರಿ ಪಕ್ಕ ಐದು ನಿಮಿಷ ನಿಂತು ನೋಡಿ. ಹಾಸನ-ಮಂಗಳೂರು ರಸ್ತೆ, ತುಮಕೂರು ರಸ್ತೆ ಎರಡೂ ಬಂದು ಕೂಡೋ ಜಾಗ ಅದು. ಸಕಲೇಶಪುರ, ಹಾಸನದ ಕಡೆಯಿಂದ ಬೆಂಗಳೂರಿಗೆ ಬರೋ ಕಾಫಿ ಇದೇ ದಾರಿಯಲ್ಲಿ ಬರುತ್ತೆ. ಲಾರಿಯಲ್ಲಿ ಕಾಫಿ ಮೂಟೆ, ಇಳಿದ ಡ್ರೈವರ್ ಕೈಯಲ್ಲಿ ಟೀ. ಯಾಕೆ?

ಉತ್ತರ ಲೆಕ್ಕದಲ್ಲಿದೆ. ಒಂದು ಕಪ್ ಒಳ್ಳೆ ಫಿಲ್ಟರ್ ಕಾಫಿಗೆ ಸುಮಾರು 8ರಿಂದ 10 ಗ್ರಾಂ ಪುಡಿ ಬೇಕು. ಟೀಗೆ 2-3 ಗ್ರಾಂ ಸಾಕು. ಡಿಕಾಕ್ಷನ್ ಹನಿ ಹನಿಯಾಗಿ ಇಳಿಯೋಕೆ ಕಾಯಬೇಕು, ಮತ್ತೆ ಮತ್ತೆ ಕಾಯಿಸಿದ್ರೆ ರುಚಿ ಕೆಡುತ್ತೆ. ಟೀ ಹಾಗಲ್ಲ, ಸ್ಟವ್ ಮೇಲೆ ಕುದೀತಾನೇ ಇರಬಹುದು, ಕೇಳಿದ ತಕ್ಷಣ ಬಗ್ಗಿಸಿ ಕೊಡಬಹುದು.

ಟೀ ಹಿಂದೆಯೂ ದೊಡ್ಡ ಪ್ರಚಾರ ಇತ್ತು. 1903ರಲ್ಲೇ ಬ್ರಿಟಿಷ್ ಸರ್ಕಾರ ಟೀಗೆ ಸೆಸ್ ಹಾಕಿತ್ತು. ಆ ಹಣದಲ್ಲಿ ರೈಲ್ವೆ ಸ್ಟೇಷನ್, ಕಾರ್ಖಾನೆ, ಪೇಟೆ ಬೀದಿಗಳಲ್ಲಿ ಟೀ ಮಾಡಿ ತೋರಿಸಿ ಕುಡಿಸ್ತಿದ್ರು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಸಿಟಿಸಿ ಯಂತ್ರ ಬಂತು. ಎಲೆಯನ್ನ ಅರೆದು, ಹರಿದು, ಸುರುಳಿ ಮಾಡಿ ಕಾಳಿನ ಥರ ಮಾಡುತ್ತೆ. ಸ್ವಾತಂತ್ರ್ಯದ ನಂತರ ಈ ಪುಡಿ ದೇಶದೆಲ್ಲೆಡೆ ಹರಡಿತು. ಸ್ವಲ್ಪ ಹಾಕಿದ್ರೂ ಗಾಢ ಬಣ್ಣ, ಖಡಕ್ ರುಚಿ. ಬೀದಿ ಟೀ ಅಂಗಡಿಗೆ ಹೇಳಿ ಮಾಡಿಸಿದ್ದು.

ಇನ್ನು ದೊಡ್ಡಬಳ್ಳಾಪುರ. ಪವರ್‌ಲೂಮ್ ಸದ್ದು ಇಲ್ಲದ ಬೀದಿ ಹುಡುಕೋದು ಕಷ್ಟ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ 250ಕ್ಕಿಂತ ಹೆಚ್ಚು ಕೆಲಸಗಾರರು ಇದ್ದ ಕಡೆ ಕ್ಯಾಂಟೀನ್ ಮಾಡಿಸಬಹುದಿತ್ತು. ಆದರೆ ನಮ್ಮ ಮಗ್ಗದ ಶೆಡ್‌ಗಳಲ್ಲಿ ಇರೋದು ನಾಲ್ಕೋ ಎಂಟೋ ಮಗ್ಗ. ಅಲ್ಲಿಗೆ ಯಾವ ಕ್ಯಾಂಟೀನೂ ಬರಲ್ಲ. ಅದಕ್ಕೆ ಮೂಲೆ ಟೀ ಅಂಗಡಿಯೇ ಅವರ ಕ್ಯಾಂಟೀನ್. ನೇಯ್ದಷ್ಟಕ್ಕೆ ಕೂಲಿ ಅಂದ್ಮೇಲೆ ಮಗ್ಗ ನಿಲ್ಲಿಸಿದ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಕೂತು ಕುಡಿಯೋ ಕಾಫಿಗೆ ಆ ಟೈಮ್ ಇಲ್ಲ. ನಿಂತು ಕುಡಿಯೋ ಟೀ, ಜೊತೆಗೆ ಒಂದು ಬನ್ನು, ಮತ್ತೆ ಮಗ್ಗದ ಮುಂದೆ.

ಹೀಗೆ ನಮ್ಮ ಕಡೆ ಕಾಫಿ ಮನೆಯದ್ದಾಯ್ತು, ಟೀ ಬೀದಿಯದ್ದಾಯ್ತು.

ಭಾಗ 5/7: ಎರಡು ಲೋಟ

ಈ ಭಾಗವನ್ನ ದಯವಿಟ್ಟು ಸ್ಕಿಪ್ ಮಾಡ್ಬೇಡಿ.

ಹೋಟೆಲ್ ಬಂತು ಅಂದ ತಕ್ಷಣ ಎಲ್ಲರೂ ಒಟ್ಟಿಗೆ ಕೂತು ಕುಡಿದರು ಅಂತ ಅಲ್ಲ. ಹಳೇ ಮೈಸೂರಿನ ಪಟ್ಟಣಗಳಲ್ಲಿ "ಬ್ರಾಹ್ಮಣರ ಕಾಫಿ ಕ್ಲಬ್" ಅನ್ನೋ ಬೋರ್ಡ್ ಸಾಮಾನ್ಯ. ಈಗಿನ ಎಂಟಿಆರ್ ಕೂಡ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಡುಗೆ ಮಾಡಿದ್ದು ಯಾರು ಅಂತ ಗಿರಾಕಿಗೆ ಮೊದಲೇ ತಿಳಿಸೋ ಹೆಸರು ಅದು. ಹೊರಗೆ ತಿಂದ್ರೆ ಮೈಲಿಗೆ ಅಂತ ಹೆದರ್ತಿದ್ದ ಕಾಲದಲ್ಲಿ ಆ ಹೆಸರೇ ಗ್ಯಾರಂಟಿ.

ಹಳ್ಳಿ ಹೋಟೆಲಲ್ಲಿ ಬೋರ್ಡ್ ಬೇಕಿರಲಿಲ್ಲ. ಯಾರು ಯಾವ ಕೇರಿಯವರು ಅಂತ ಎಲ್ಲರಿಗೂ ಗೊತ್ತು. ಕರ್ನಾಟಕ, ತಮಿಳುನಾಡು, ಆಂಧ್ರದ ಎಷ್ಟೋ ಹಳ್ಳಿಗಳಲ್ಲಿ ನಡೀತಿದ್ದದ್ದು ಇದು: ಒಳಗೆ ಬೆಂಚಿನ ಮೇಲೆ ಕೂರೋರಿಗೆ ಒಂದು ಥರದ ಲೋಟ. ದಲಿತರಿಗೆ ಬೇರೆ ಲೋಟ, ಅದನ್ನ ಹೊರಗೆ, ಸೂರಿನ ಸಂದಿಯಲ್ಲೋ ಕಿಟಕಿ ಮೇಲೋ ಇಟ್ಟಿರ್ತಿದ್ರು. ಕೆಲವು ಕಡೆ ಲೋಟ ಕೂಡ ಇಲ್ಲ, ತೆಂಗಿನ ಚಿಪ್ಪು. ಅವರೇ ತಗೋಬೇಕು, ಮೇಲಿಂದ ಸುರಿದದ್ದನ್ನ ಹಿಡ್ಕೋಬೇಕು, ಹೊರಗೆ ನೆಲದ ಮೇಲೆ ಕೂತು ಕುಡೀಬೇಕು, ತೊಳೆದು ಅದೇ ಜಾಗದಲ್ಲಿ ಇಡಬೇಕು. ಕಾಸು ಮಾತ್ರ ಎಲ್ಲರಿಗೂ ಒಂದೇ.

ಸಂವಿಧಾನದ 15ನೇ ವಿಧಿ ಓದಿದ್ದೀರಾ? ಅಂಗಡಿ, ಹೋಟೆಲ್ ಪ್ರವೇಶಕ್ಕೆ ಜಾತಿ ಅಡ್ಡ ಬರಬಾರದು ಅಂತ ಅದರಲ್ಲೇ ಬರೆದಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಹೋಟೆಲಲ್ಲಿ ಇಟ್ಟಿರೋ ಪಾತ್ರೆ ಬಳಸೋಕೆ ಅಸ್ಪೃಶ್ಯತೆಯ ಕಾರಣಕ್ಕೆ ಬಿಡದಿದ್ರೆ ಅದು ಅಪರಾಧ ಅಂತ 4ನೇ ಸೆಕ್ಷನ್ ಹೇಳುತ್ತೆ. 1976ರಲ್ಲಿ ಈ ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯ್ತು.

ಸ್ವಲ್ಪ ಯೋಚ್ನೆ ಮಾಡಿ. ಇಷ್ಟು ದೊಡ್ಡ ದೇಶದ ಸಂಸತ್ತು ಕೂತು ಹೋಟೆಲ್ ಪಾತ್ರೆ ಬಗ್ಗೆ ಕಾನೂನು ಬರೀಬೇಕಾಯ್ತು.

ಕಾನೂನು ಬಂದ ಮಾತ್ರಕ್ಕೆ ಹಳ್ಳಿ ಹೋಟೆಲಲ್ಲಿ ಲೋಟ ಬದಲಾಗಲಿಲ್ಲ. 1970ರ ದಶಕದಲ್ಲಿ ಬಿ. ಕೃಷ್ಣಪ್ಪ ಮತ್ತು ಗೆಳೆಯರು ಕಟ್ಟಿದ ದಲಿತ ಸಂಘರ್ಷ ಸಮಿತಿ ಊರೂರಲ್ಲಿ ಹೋಟೆಲ್ ಪ್ರವೇಶದ ಪ್ರಶ್ನೆ ಎತ್ತಿತು. ಒಳಗೆ ಹೋಗಿ ಬೆಂಚಿನ ಮೇಲೆ ಕೂತು "ಒಂದ್ ಟೀ ಕೊಡಿ" ಅನ್ನೋದೇ ಒಂದು ಹೋರಾಟ. ನಾವು ಬೇಕರಿ ಮುಂದೆ ಯಾವ ಯೋಚ್ನೆನೂ ಇಲ್ಲದೆ ಹೇಳೋ ಅದೇ ಮೂರು ಪದ.

ಭಾಗ 6/7: ಬೈ ಟು, ಪೇಪರ್ ಕಪ್, ಏರ್‌ಪೋರ್ಟ್

ಎಲ್ಲ ಲೋಟದ ಕಥೆಯೂ ಕಹಿ ಅಲ್ಲ. ಒಂದು ಕಾಫಿಯನ್ನ ಎರಡು ಲೋಟಕ್ಕೆ ಹಂಚೋ "ಬೈ ಟು" ನಮ್ಮ ಬೆಂಗಳೂರು ಸೀಮೆಯ ಸ್ಪೆಷಲ್. ಜೇಬಲ್ಲಿ ಕಾಸು ಕಮ್ಮಿ, ಮಾತು ಜಾಸ್ತಿ ಇದ್ದಾಗ ಹುಟ್ಟಿದ ಉಪಾಯ. 1957ರಲ್ಲಿ ಇನ್ನೊಂದು ಚೆಂದದ ಕೆಲಸ ಆಯ್ತು. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನ ಮುಚ್ಚಿದಾಗ, ಕೆಲಸ ಕಳ್ಕೊಂಡ ನೌಕರರು ಎ.ಕೆ. ಗೋಪಾಲನ್ ಬೆಂಬಲದಲ್ಲಿ ಸಹಕಾರ ಸಂಘ ಕಟ್ಟಿ ತಾವೇ ನಡೆಸಿದರು. ಅಂಥ ಮೊದಲ ಸಂಘ ಶುರುವಾದದ್ದು ಬೆಂಗಳೂರಲ್ಲೇ.

2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂತು. ದ್ರಾಕ್ಷಿ ತೋಟ, ಚಕ್ಕೋತ ಗಿಡ ಇದ್ದ ಕಡೆ ಈಗ ಕಾಫಿ ಶಾಪ್. ಒಳಗಡೆ ಒಂದು ಕಪ್‌ಗೆ ಕೊಡೋ ದುಡ್ಡಲ್ಲಿ ಹೊರಗೆ ಕ್ಯಾಬ್ ಡ್ರೈವರ್‌ಗಳು ಗೆಳೆಯರಿಗೆಲ್ಲ ಟೀ ಕುಡಿಸಬಹುದು. ಅದೇ ಊರು, ಅದೇ ನಂದಿನಿ ಹಾಲು.

ಈಗ ಎಲ್ಲ ಕಡೆ ಪೇಪರ್ ಕಪ್. ಕೊರೋನಾ ಬಂದ್ಮೇಲಂತೂ ಗಾಜಿನ ಲೋಟ ಇನ್ನೂ ಕಮ್ಮಿ ಆಯ್ತು. ಪೇಪರ್ ಅಂತ ಹೆಸರು, ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತೆ. ಹೊಸಕೋಟೆ ಸಂತೆ ಮುಗಿದ ಮೇಲೆ ಚರಂಡಿ ನೋಡಿದ್ರೆ ಗೊತ್ತಾಗುತ್ತೆ.

"ಕುಡಿದು ಬಿಸಾಕೋ ಕಪ್ ಬಂತು, ಎರಡು ಲೋಟದ ಕಥೆ ಮುಗೀತು" ಅಂತ ಕೆಲವರು ಹೇಳ್ತಾರೆ. ಪೇಟೆಯಲ್ಲಿ, ಹೈವೇಯಲ್ಲಿ ಅದು ದೊಡ್ಡ ಮಟ್ಟಿಗೆ ನಿಜ. ಯಾರ ಪಕ್ಕ ಯಾರು ನಿಂತಿದ್ದಾರೆ ಅಂತ ಅಲ್ಲಿ ಯಾರೂ ಕೇಳಲ್ಲ. ಆದರೆ ದಕ್ಷಿಣ ಭಾರತದ ಕೆಲವು ಹಳ್ಳಿಗಳಿಂದ ಬೇರೆ ಥರದ ವರದಿಗಳೂ ಬಂದಿವೆ: ಕೆಲವರಿಗೆ ಸ್ಟೀಲ್ ಲೋಟ, ದಲಿತರಿಗೆ ಮಾತ್ರ ಬಿಸಾಕೋ ಕಪ್. ಪದ್ಧತಿ ಹೋಗಿಲ್ಲ, ಲೋಟ ಬದಲಾಗಿದೆ. ಮನೆಗಳಲ್ಲಿ ಕೆಲಸದವರಿಗೆ ಅಂತ ಬೇರೆಯಾಗಿ ಇಟ್ಟಿರೋ ಆ ಒಂದು ಹಳೇ ಲೋಟ ಕೂಡ ಇದೇ ಲೆಕ್ಕಕ್ಕೆ ಬರುತ್ತೆ. ಅದು ಯಾವ ಊರಿನ ವರದಿಯಲ್ಲೂ ಬರಲ್ಲ.

ಭಾಗ 7/7: ನಿಮಗೊಂದು ಕೆಲಸ

ಫಿಲ್ಟರ್ ಕಾಫಿ ಮೇಲೋ ಟೀ ಮೇಲೋ ಅಂತ ಕಮೆಂಟ್‌ನಲ್ಲಿ ಜಗಳ ಆಡೋಣ, ಬೇಡ ಅನ್ನಲ್ಲ. ನಾನು ಟೀ ಪಾರ್ಟಿ, ಮೊದಲೇ ಹೇಳ್ಬಿಡ್ತೀನಿ. ಆದರೆ ಅದಕ್ಕಿಂತ ಮುಂಚೆ ಈ ವಾರ ಒಂದು ಕೆಲಸ ಮಾಡಿ. ಮನೇಲಿ ಅಜ್ಜಿ, ತಾತ, ದೊಡ್ಡಪ್ಪ, ಯಾರಾದ್ರೂ ಹಿರಿಯರು ಇದ್ರೆ ಒಂದು ಲೋಟ ಕಾಫಿ ಮಾಡಿಕೊಟ್ಟು ಪಕ್ಕ ಕೂತು ಕೇಳಿ:

1. ನೀವು ಚಿಕ್ಕವರಿದ್ದಾಗ ಬೆಳಗ್ಗೆ ಏನು ಕುಡೀತಿದ್ರಿ? ಮನೇಲಿ ಕಾಫಿ ಯಾವಾಗ ಶುರುವಾಯ್ತು?
2. ಹಾಲು ಎಲ್ಲಿಂದ ಬರ್ತಿತ್ತು? ಎಲ್ಲರಿಗೂ ಸಿಗ್ತಿತ್ತಾ?
3. ಊರ ಹೋಟೆಲಲ್ಲಿ ಯಾರು ಎಲ್ಲಿ ಕೂರ್ತಿದ್ರು? ಲೋಟ ಎಲ್ಲರಿಗೂ ಒಂದೇನಾ?

ಮೂರನೇ ಪ್ರಶ್ನೆಗೆ ಕೆಲವು ಮನೇಲಿ "ಅದೆಲ್ಲ ಈಗ್ಯಾಕೆ" ಅಂತಾರೆ. ಕೆಲವು ಮನೇಲಿ ಕಣ್ಣಲ್ಲಿ ನೀರು ಬರಬಹುದು. ಜೋರು ಮಾಡ್ಬೇಡಿ, ಹೇಳಿದಷ್ಟು ಕೇಳಿ. ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಊರ ಹೋಟೆಲಿನ ಸೂರಿನಲ್ಲಿ ಯಾವ ಲೋಟ ಇತ್ತು ಅನ್ನೋದನ್ನ ಯಾವ ಗೆಜೆಟಿಯರ್‌ನಲ್ಲೂ ಬರೆದಿಲ್ಲ. ನೋಡಿದವರು ಇನ್ನು ಕೆಲವೇ ವರ್ಷ ನಮ್ಮ ಜೊತೆ ಇರ್ತಾರೆ.

ಸಿಕ್ಕ ಉತ್ತರಗಳನ್ನ ಊರಿನ ಹೆಸರು, ಸುಮಾರು ಯಾವ ಕಾಲ ಅನ್ನೋದರ ಜೊತೆ ನನಗೆ ಮೆಸೇಜ್ ಮಾಡಿ. ಜನರ ಹೆಸರು ಬೇಡ. ಒಂದಿಪ್ಪತ್ತು ಊರಿನದ್ದು ಬಂದ್ರೆ ಮುಂದಿನ ಸೀರೀಸ್ ಪೂರ್ತಿ ನಿಮ್ಮ ಮನೆ ಕಥೆಗಳದ್ದೇ.

#ಕಾಫಿಆಯ್ತಾ #ಬೆಂಗಳೂರುಗ್ರಾಮಾಂತರ #ಲೋಟದಇತಿಹಾಸ #ದೊಡ್ಡಬಳ್ಳಾಪುರ #ದೇವನಹಳ್ಳಿ #ಹೊಸಕೋಟೆ #ನೆಲಮಂಗಲ