ಕುದ್ಮುಲ್ ರಂಗರಾಯರನ್ನು ನೆನೆಯುತ್ತಾ...



ನಿಮ್ಮಲ್ಲಿ ಮಂಗಳೂರು ಕಡೆಯವರು ನೆಹರು ಮೈದಾನದ ಬಳಿಯ ಪುರಭವನದ ಮುಂದೆ ಎಷ್ಟೋ ಸಲ ಹಾದುಹೋಗಿರುತ್ತೀರಿ. ಯಾವುದೋ ನಾಟಕಕ್ಕೆಂದು ಒಳಗೂ ಹೋಗಿ ಬಂದಿರುತ್ತೀರಿ. ಆ ಕಟ್ಟಡಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಈ ರಂಗರಾಯರು ಯಾರು ಎಂದು ಮುಂಬೈಯಲ್ಲೋ ಚೆನ್ನೈಯಲ್ಲೋ ಬೆಳೆದ ನಿಮ್ಮ ಮಕ್ಕಳು ಕೇಳಿದರೆ ಏನು ಹೇಳುತ್ತೀರಿ?

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ. ಮೊದಲು ಉಪಾಧ್ಯಾಯರಾಗಿದ್ದು, ಆಮೇಲೆ ಮಂಗಳೂರಿನಲ್ಲಿ ವಕೀಲರಾದರು. ಬ್ರಹ್ಮಸಮಾಜದ ವಿಚಾರಗಳಿಗೆ ಮನಸೋತರು. ಇಷ್ಟಕ್ಕೇ ನಿಂತಿದ್ದರೆ ಊರಿನವರು ಸುಮ್ಮನಿರುತ್ತಿದ್ದರೇನೋ! ಆದರೆ 1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆಂದೇ ಒಂದು ಶಾಲೆ ತೆರೆದರು.

ಶಾಲೆ ತೆರೆಯುವುದು ಸುಲಭ, ನಡೆಸುವುದು ಕಷ್ಟ. ಮೇಲ್ಜಾತಿಯ ಮೇಷ್ಟ್ರುಗಳು ಈ ಮಕ್ಕಳಿಗೆ ಪಾಠ ಹೇಳಲು ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರು ಬಂದರು. ಇನ್ನು ಮಕ್ಕಳು? ಕೂಲಿಗೆ ಹೋಗಬೇಕಾದ ಹುಡುಗ ಹಲಗೆ ಬಳಪ ಹಿಡಿದು ಕೂತರೆ ಮನೆಯ ಗಂಜಿಗೆ ಯಾರು ಗತಿ? ರಂಗರಾಯರಿಗೆ ಇದು ಅರ್ಥವಾಗಿತ್ತು. ಮಕ್ಕಳಿಗೆ ಮಧ್ಯಾಹ್ನ ಊಟ ಹಾಕಿಸಿದರು. ಶಾಲೆಗೆ ಬಂದ ದಿನ ಕೈಗೆ ಎರಡು ಪೈಸೆ ಇಟ್ಟರು. ಇಂದಿನ ಬಿಸಿಯೂಟ ಯೋಜನೆಗೆ ನೂರು ವರ್ಷ ಮೊದಲಿನ ಮಾತಿದು, ನೆನಪಿರಲಿ.

1897ರಲ್ಲಿ ಅವರು ಕಟ್ಟಿದ ಸಂಸ್ಥೆಯೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸ ಕಲಿಸಿದರು. ಮನೆ ಕಟ್ಟಿಕೊಳ್ಳಲು ನೆಲ ಒದಗಿಸಿದರು. ಮುಂಬೈ, ಪುಣೆಯ ಕೇಳುಗರು ವಿಠ್ಠಲ ರಾಮಜಿ ಶಿಂದೆಯವರ ಹೆಸರು ಕೇಳಿರಬಹುದು. ನಮ್ಮ ಜಮಖಂಡಿಯಲ್ಲೇ ಹುಟ್ಟಿದ ಶಿಂದೆಯವರು ಮುಂಬೈಯಲ್ಲಿ ಇಂಥದ್ದೇ ಮಿಷನ್ ಆರಂಭಿಸಿದ್ದು 1906ರಲ್ಲಿ. ಅಂದರೆ ಮಂಗಳೂರು ಒಂಬತ್ತು ವರ್ಷ ಮುಂದಿತ್ತು!

ಇದಕ್ಕೆ ತೆತ್ತ ಬೆಲೆಯೇನು? ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕರೂ ಅಗಸರೂ ಮನೆಗೆ ಬರದಂತಾಯಿತು. ವಕೀಲರಿಗೆ ಕಕ್ಷಿಗಾರರು ಬೇಡವೇ? ಹೆಂಡತಿ ಮಕ್ಕಳೂ ಇದನ್ನೆಲ್ಲ ಅನುಭವಿಸಬೇಕಾಯಿತು. ರಂಗರಾಯರ ಹೆಸರು ಹೇಳುವಾಗ ನಾವು ಮರೆಯುವುದು ಹೆಚ್ಚಾಗಿ ಆ ಮನೆಯವರನ್ನೇ.

ಮಗಳು ರಾಧಾಬಾಯಿ 1912ರಲ್ಲಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಚೆನ್ನೈಯ ಕೇಳುಗರೇ, ಈ ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತದ ಪ್ರಧಾನಿಯಾಗಿದ್ದವರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆಯಾದರು. 1966ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಜನರಲ್ ಪಿ.ಪಿ. ಕುಮಾರಮಂಗಲಂ ಇವರ ಮಗ, ಅಂದರೆ ನಮ್ಮ ರಂಗರಾಯರ ಮೊಮ್ಮಗ. ಮೊಮ್ಮಗನನ್ನು ದೇಶವೇ ಬಲ್ಲದು, ಅಜ್ಜನನ್ನು ಕರಾವಳಿಯ ಆಚೆ ಬಲ್ಲವರು ಕಡಿಮೆ.

ರಂಗರಾಯರಿಗೆ ಒಂದು ಆಸೆಯಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಸರ್ಕಾರಿ ಕೆಲಸಕ್ಕೆ ಸೇರಬೇಕು, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು ಎಂದು. ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ಗಾಂಧೀಜಿ 1934ರಲ್ಲಿ ಮಂಗಳೂರಿಗೆ ಬಂದಾಗ ಅವರ ಸಂಸ್ಥೆಯನ್ನು ನೋಡಿದರು; ಆದರೆ ನೋಡಲು ರಂಗರಾಯರೇ ಇರಲಿಲ್ಲ.

ತಮ್ಮ ಶವವನ್ನು ಯಾರು ಹೊರಬೇಕೆಂದು ಅವರು ಮೊದಲೇ ಹೇಳಿಟ್ಟಿದ್ದರು. ಬಂಧುಗಳಲ್ಲ, ಪುರೋಹಿತರಲ್ಲ. ಊರಿನ ಕಸ ಬಳಿಯುವ ತೋಟಿಗಳು. ಅಂದು ಅವರೇ ಬಂದು ಹೆಗಲು ಕೊಟ್ಟರು.