ಆಪರೇಷನ್ ಥಿಯೇಟರ್‌ನ ಚಳಿಗೆ ಕ್ರಿಮಿಗಳು ಸಾಯುತ್ತವೆಯೇ?

ನಾಗಮಂಗಲದವರು ಆಪರೇಷನ್‌ಗೆಂದು ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೆ ಹೋಗಲಿ, ಬೆಂಗಳೂರಿಗೆ ಹೋಗಲಿ, ಥಿಯೇಟರ್‌ನಲ್ಲಿ ಮೈ ನಡುಗುತ್ತದೆ. "ಕ್ರಿಮಿ ಸಾಯಲಿ ಅಂತ ಎಸಿ ಜೋರಾಗಿ ಇಟ್ಟಿರ್ತಾರೆ" ಎಂದು ಯಾರಾದರೂ ಹೇಳುತ್ತಾರೆ. ಇದು ತಪ್ಪು. ಫ್ರಿಜ್‌ನಲ್ಲಿಟ್ಟ ಸಾರೇ ಕೊನೆಗೆ ಹಳಸುತ್ತದೆ, ಇನ್ನು 20 ಡಿಗ್ರಿಗೆ ಬ್ಯಾಕ್ಟೀರಿಯಾ ಸಾಯುವುದೆಲ್ಲಿ? ಆ ತಂಪು ಹೆಚ್ಚಾಗಿ ಗೌನು, ಮಾಸ್ಕ್ ತೊಟ್ಟು ದೀಪದಡಿ ನಿಲ್ಲುವ ವೈದ್ಯರಿಗಾಗಿ. ರೋಗಿಯ ಮೈಬಿಸಿ 36 ಡಿಗ್ರಿಗಿಂತ ಇಳಿದರೆ ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕೇ ಬಿಸಿಗಾಳಿಯ ಹೊದಿಕೆ ಹಾಕುತ್ತಾರೆ.

ಹಾಗಾದರೆ ಕ್ರಿಮಿಯನ್ನು ತಡೆಯುವುದು ಯಾವುದು? ಗಾಳಿಯ ಮಟ್ಟಿಗೆ ಹೇಳುವುದಾದರೆ, ಅದು ಹರಿಯುವ ದಾರಿ. ನಮ್ಮ ಚರ್ಮದಿಂದ ಸದಾ ಉದುರುವ ಸಣ್ಣ ಹೊಟ್ಟಿನ ಮೇಲೆ ಬ್ಯಾಕ್ಟೀರಿಯಾ ಕೂತು ತೇಲುತ್ತವೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ. ಸೋಸಿದ ಗಾಳಿ ಚಾವಣಿಯಿಂದ ಮೇಜಿನ ಮೇಲೆ ಇಳಿದು, ನೆಲದ ಹತ್ತಿರದ ಜಾಲರಿಗಳಿಂದ ಹೊರಹೋಗುತ್ತದೆ. ಒಳಗಿನ ಒತ್ತಡ ತುಸು ಹೆಚ್ಚಿರುವುದರಿಂದ ಬಾಗಿಲ ಸಂದಿಯಲ್ಲಿ ಗಾಳಿ ಹೊರಕ್ಕೇ ನುಗ್ಗುತ್ತದೆ. ನೀವು ಬಾಗಿಲು ತೆರೆದು ಇಣುಕಿದಾಗ ಸಿಬ್ಬಂದಿ ಗದರುವುದು ಸುಮ್ಮನೆ ಅಲ್ಲ! ಬೆಂಗಳೂರಿನಲ್ಲಿ ಇಸ್ರೋ ಉಪಗ್ರಹ ಜೋಡಿಸುವ ಕ್ಲೀನ್‌ರೂಮ್‌ಗಳಲ್ಲೂ ಸೋಸಿದ ಗಾಳಿಯದೇ ಕೆಲಸ. ಗೋಡೆಯ ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಅದು ಥಿಯೇಟರ್‌ಗೆ ಬೇಡವೆಂದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಹೇಳಿದೆ.

ಹಾಗೆಂದು ಗಾಳಿ ಜೋರಾದಷ್ಟೂ ಒಳ್ಳೆಯದೂ ಅಲ್ಲ. ಕೀಲು ಬದಲಿ ಆಪರೇಷನ್‌ನಲ್ಲಿ ಸೋಂಕು ತಗ್ಗಿಸಲೆಂದೇ ದುಬಾರಿ ಲ್ಯಾಮಿನಾರ್ ವ್ಯವಸ್ಥೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ಕೊಟ್ಟಿತು. ಅದರಿಂದ ಲಾಭ ಕಂಡಿರಲಿಲ್ಲ.

ಕರೆಂಟ್ ಬಿಲ್‌ನ ಗುಟ್ಟೂ ಗಾಳಿಯಲ್ಲೇ ಇದೆ. ಫ್ಯಾನ್ ವೇಗ ಅರ್ಧಕ್ಕಿಳಿದರೆ ಅದಕ್ಕೆ ಬೇಕಾದ ಶಕ್ತಿ ಅರ್ಧವಲ್ಲ, ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗ! ಥಿಯೇಟರ್ ಖಾಲಿ ಇರುವ ರಾತ್ರಿ ಫ್ಯಾನ್ ಪೂರ್ತಿ ಆರಿಸಿದರೆ ಒತ್ತಡ ಹೋಗಿ ಕಾರಿಡಾರ್‌ನ ಧೂಳು ಒಳಬರುತ್ತದೆ. ಒತ್ತಡ ಉಳಿಯುವಷ್ಟು ನಿಧಾನವಾಗಿ ಓಡಿಸಿದರೆ ಎರಡೂ ಉಳಿಯುತ್ತವೆ. ಗಂಟೆಗೆ 20 ಸಲ ಗಾಳಿ ಬದಲಾಗುವ ಕೋಣೆಯಲ್ಲಿ, ಗಾಳಿ ಚೆನ್ನಾಗಿ ಬೆರೆತರೆ, ತೇಲುವ ಕಣಗಳಲ್ಲಿ ಶೇ. 99ರಷ್ಟು ಹೋಗಲು ಸುಮಾರು 14 ನಿಮಿಷ ಸಾಕು. ಬೆಳಗಿನ ಮೊದಲ ಆಪರೇಷನ್‌ಗೆ ಸ್ವಲ್ಪ ಮುಂಚೆ ಫ್ಯಾನನ್ನು ಪೂರ್ಣ ವೇಗಕ್ಕೆ ತಂದರಾಯಿತು.